ಬೇಡ, ನಿಂತ್ಕೋ

ಸಿಡ್ನಿಯ ರೌಸ್ ಹಿಲ್‌ನ ನಮ್ಮ ಮನೆಯ ಗರಾಜಿನಲ್ಲಿ ಕಾರೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಜಾಗವಿದೆ. ಪೆಂಡಲ್ ಹಿಲ್ ಅಂಗಡಿಯಿಂದ ತಂದ ಅಕ್ಕಿ ಮೂಟೆ ಇದೆ, ದೀಪಾವಳಿಯ ಸೀರಿಯಲ್ ಲೈಟುಗಳ ಡಬ್ಬಿ ಇದೆ, ಮೂಲೆಯಲ್ಲಿ ಮಗಳ ಬೇಸ್‌ಬಾಲ್ ಚೀಲ ಇದೆ. ಈ ಮಧ್ಯಾಹ್ನ ಅಕ್ಕಿ ಮೂಟೆಯ ಮೇಲೆ ಕೂತು ಅವಳ ಗ್ಲೌಸಿಗೆ ಎಣ್ಣೆ ಹಚ್ಚುತ್ತಿದ್ದೇನೆ. ಚಳಿಗಾಲವೆಲ್ಲ ಚೀಲದೊಳಗೇ ಬಿದ್ದು ಬಿರುಸಾಗಿದ್ದ ಚರ್ಮ ಈಗಷ್ಟೇ ಮೆತ್ತಗಾಗುತ್ತಿದೆ. ಎಣ್ಣೆ ಒಳಗಿಳಿದಂತೆ ಚಪ್ಪಲಿ ಅಂಗಡಿಯ ವಾಸನೆ ಏಳುತ್ತದೆ. ಹೊಲಿಗೆಯ ಸಂದಿನಲ್ಲಿ ಒಂದಿಷ್ಟು ಕೆಂಪು ಮಣ್ಣು ಕೂತಿದೆ. ಅದು ಮೆಲ್ಬರ್ನ್‌ನದು. ಹಳೆಯ ಟೂತ್‌ಬ್ರಷ್ ಕೈಯಲ್ಲಿ ಹಿಡಿದು ಆಗಲೇ ಹತ್ತು ನಿಮಿಷವಾಯಿತು, ಉಜ್ಜಲು ಮನಸ್ಸು ಬರುತ್ತಿಲ್ಲ.

ನಿಮಗೆ ಬೇಸ್‌ಬಾಲ್ ಗೊತ್ತಿಲ್ಲದಿದ್ದರೆ ಸಂಕೋಚ ಬೇಡ. ನನಗೂ ಗೊತ್ತಿರಲಿಲ್ಲ. ನಾನು ತುಮಕೂರಿನ ಕ್ರಿಕೆಟ್ಟಿನವನು. ಓದಲೆಂದು ಸಿಡ್ನಿಗೆ ಬಂದು, ಇಲ್ಲೇ ಕಾಯಂ ಉಳಿಯುವ ಪಿಆರ್ ಸಿಕ್ಕಿ, ಚಾಟ್ಸ್‌ವುಡ್‌ನ ಒಂದು ಆಫೀಸಿನಲ್ಲಿ ಕುರ್ಚಿ ಸವೆಸುತ್ತಿರುವವನು. ಕಾಲೇಜಿನ ತಂಡದಲ್ಲಿ ನನ್ನ ಬ್ಯಾಟಿಗಿಂತ ನನ್ನ ಗಂಟಲಿಗೆ ಹೆಸರಿತ್ತು. ಜೊತೆಯವನು ರನ್ನಿಗೆಂದು ಎರಡು ಹೆಜ್ಜೆ ಇಟ್ಟರೆ ಸಾಕು, "ಬೇಡ! ನಿಂತ್ಕೋ!" ಎಂದು ಕೂಗುತ್ತಿದ್ದೆ. ನನ್ನ ಕೂಗಿಗೆ ಬೆಲೆ ಕೊಟ್ಟು ಎಷ್ಟೋ ರನ್ನುಗಳನ್ನು ಕಳೆದುಕೊಂಡ ಗೆಳೆಯರು ಇವತ್ತಿಗೂ ವಾಟ್ಸಾಪಿನಲ್ಲಿ ನನ್ನನ್ನು ಬೇಡಪ್ಪ ಎಂದೇ ಕರೆಯುತ್ತಾರೆ. ಸ್ವಭಾವವೇ ಹಾಗೆ. ಈ ಮನೆ ನೋಡಲು ಬಂದ ದಿನವೂ ಮೊದಲು ಹೇಳಿದ್ದು ಬೇಡವೆಂದೇ. ಹೆಂಡತಿ ಗೀತಾ ನನ್ನ ಮಾತು ಕೇಳದಿದ್ದರಿಂದ ಇವತ್ತು ಕೂರಲು ಒಂದು ಗರಾಜಿದೆ.

ಮಗಳು ಸಿರಿಗೆ ಹದಿನೇಳು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು ಎಷ್ಟು ರೂಢಿಯಾಗಿತ್ತೆಂದರೆ, ಅವಳಿಗೆ ಕನ್ನಡ ಎಷ್ಟು ಆಳಕ್ಕೆ ಇಳಿದಿದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಎರಡು ವರ್ಷದ ಹಿಂದೆ ಪಕ್ಕದ ಸಬರ್ಬಿನ ಹೆಂಗಸರ ಬೇಸ್‌ಬಾಲ್ ತಂಡಕ್ಕೆ ಸೇರಿಕೊಂಡಳು. ಶಾಲೆಯ ಹುಡುಗಿಯರಿಂದ ಹಿಡಿದು ಮಕ್ಕಳ ತಾಯಂದಿರವರೆಗೆ ಎಲ್ಲ ವಯಸ್ಸಿನವರೂ ಇದ್ದ ತಂಡ ಅದು. ನಡೆಸುತ್ತಿದ್ದವಳು ಟ್ರೇಸಿ. ನಲವತ್ತೈದು ದಾಟಿದ್ದರೂ ತಂಡದ ಕೋಚ್ ಅವಳೇ, ಪಿಚರ್ ಅಂದರೆ ಚೆಂಡೆಸೆಯುವವಳೂ ಅವಳೇ. ಪ್ರತಿ ಪಂದ್ಯ ಮುಗಿದ ಮೇಲೆ ಬಲಭುಜಕ್ಕೆ ಐಸ್ ಚೀಲ ಕಟ್ಟಿಕೊಂಡು ಎಡಗೈಯಲ್ಲಿ ಟೀ ಕುಡಿಯುತ್ತಿದ್ದಳು. ಕಳೆದ ಸೀಸನ್ನಿನ ಮೊದಲ ದಿನವೇ ಎಲ್ಲರಿಗೂ ಹೇಳಿಬಿಟ್ಟಿದ್ದಳು, ಡಾಕ್ಟರು ಇದೇ ಕೊನೆ ಎಂದಿದ್ದಾರೆ, ಭುಜ ಮುಗಿಯಿತು ಎಂದು. ಅಷ್ಟು ವರ್ಷ ಎಸೆದರೂ ಅವಳ ತಂಡ ಒಂದು ಕಪ್ಪನ್ನೂ ಗೆದ್ದಿರಲಿಲ್ಲ.

ಮೊದಮೊದಲು ನಾನು ಮಡಿಸುವ ಕುರ್ಚಿ ಹಾಕಿಕೊಂಡು, ಫೋನಿನಲ್ಲಿ ಕ್ರಿಕೆಟ್ ಸ್ಕೋರ್ ನೋಡುತ್ತ ಕೂರುತ್ತಿದ್ದೆ. ಜನವರಿಯ ಹೊತ್ತಿಗೆ ಫೋನ್ ಜೇಬಿನೊಳಗೇ ಉಳಿಯತೊಡಗಿತು. ನಮ್ಮವರು ಗೆಲ್ಲುತ್ತಿದ್ದರು. ಅಂಚು ಅಂಚಿನಲ್ಲಿ, ಉಸಿರುಗಟ್ಟಿಸಿ, ಆದರೆ ಗೆಲ್ಲುತ್ತಿದ್ದರು. ನನಗೆ ಅಭಿಮಾನ ಬಂತು, ನಿಯಮಗಳು ಬರಲಿಲ್ಲ. ಸಿರಿ ಒಮ್ಮೆ ನಿಯಮದ ಪುಸ್ತಕ ತಂದುಕೊಟ್ಟಿದ್ದಳು. "ಇದೆಲ್ಲ ನೋಡ್ತಾ ನೋಡ್ತಾ ಬರುತ್ತಮ್ಮ, ಕ್ರಿಕೆಟ್ ಗೊತ್ತಿರೋನಿಗೆ ಇದೇನ್ ಮಹಾ," ಎಂದು ಅದನ್ನು ಟೀವಿಯ ಪಕ್ಕ ಇಟ್ಟೆ. ಅದು ಅಲ್ಲೇ ಇತ್ತು.

ಸೀಸನ್ನಿನ ಕೊನೆಗೆ ಸಿಡ್ನಿ, ಮೆಲ್ಬರ್ನ್ ತಂಡಗಳದೊಂದು ಟೂರ್ನಮೆಂಟ್. ನಮ್ಮವರು ಫೈನಲ್ಲಿಗೆ ಬಂದರು. ಗೀತಾಗೆ ಆಸ್ಪತ್ರೆಯಲ್ಲಿ ಶಿಫ್ಟ್ ಇತ್ತು, ನಾನೇ ಸಿರಿಯನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಮೆಲ್ಬರ್ನ್‌ನಲ್ಲಿ ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಸ್ವೆಟರ್ ಹಾಕಿಕೊಳ್ಳುವಂಥ ಗಾಳಿ. ಟ್ರೇಸಿ ಇಡೀ ಪಂದ್ಯ ತಾನೇ ಎಸೆದಳು. ಕೊನೆಕೊನೆಗೆ ಪ್ರತಿ ಎಸೆತದ ನಂತರ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಕೆಳಗಿಳಿಸಿಕೊಳ್ಳುತ್ತಿದ್ದಳು.

ಕೊನೆಯ ಸರದಿ. ಒಂದು ರನ್ನಿನಿಂದ ಹಿಂದಿದ್ದೆವು, ಇಬ್ಬರು ಔಟಾಗಿದ್ದರು, ಮೂರನೆಯವರು ಔಟಾದರೆ ಆಟ ಮುಗಿಯಿತು. ಟ್ರೇಸಿ ಓಡುತ್ತ ಓಡುತ್ತ ಮೂರನೇ ಬೇಸಿಗೆ ಬಂದು ನಿಂತಿದ್ದಳು. ಅವಳು ಮನೆ ಮುಟ್ಟಿದರೆ, ಅಂದರೆ ಮೂರು ಬೇಸ್ ಸುತ್ತಿ ಹೊರಟಲ್ಲಿಗೇ ಬಂದು ಹೋಮ್ ಪ್ಲೇಟ್ ಮುಟ್ಟಿದರೆ, ಸಮ. ಬ್ಯಾಟ್ ಹಿಡಿದು ನಿಂತವಳು ಸಿರಿ. ಬಾರಿಸಿದಳು. ಚೆಂಡು ಮೆತ್ತಗೆ ಪುಟಿಯುತ್ತ ನೇರ ಎದುರಾಳಿಯ ಕೈಯ ಹತ್ತಿರವೇ ಹೋಯಿತು.

ಕ್ರಿಕೆಟ್ಟಿನಲ್ಲಿ ಹೊಡೆದ ಮೇಲೆ ಓಡಲೇಬೇಕೆಂದಿಲ್ಲ. ಚೆಂಡು ಫೀಲ್ಡರನ ಬಳಿ ಹೋದರೆ ಕ್ರೀಸಿನಲ್ಲೇ ನಿಂತು, ಮುಂದಿನ ಎಸೆತಕ್ಕೆ ಕಾಯಬಹುದು. ಬೇಸ್‌ಬಾಲಿನಲ್ಲಿ ಆ ಸೌಕರ್ಯವಿಲ್ಲ. ಚೆಂಡು ಮುಂದಕ್ಕೆ ಹೋಯಿತೋ, ಮೊದಲ ಬೇಸಿಗೆ ಎದ್ದೆನೋ ಬಿದ್ದೆನೋ ಎಂದು ಓಡಲೇಬೇಕು. ಚೆಂಡು ನಿಮಗಿಂತ ಮೊದಲು ಅಲ್ಲಿಗೆ ತಲುಪಿದರೆ ನೀವು ಔಟ್. ಇದು ಆ ಪುಸ್ತಕದ ಮೊದಲ ಪುಟಗಳಲ್ಲೇ ಇದೆಯಂತೆ.

"ಬೇಡ! ಸಿರಿ, ನಿಂತ್ಕೋ!"

ನಾನು ಕೂಗಿದ್ದು. ಬೇಲಿ ಹಿಡಿದು, ಎದ್ದು ನಿಂತು, ತುಮಕೂರಿನ ಗಂಟಲಿನಲ್ಲಿ.

ಅವಳು ನಿಂತಳು. ಅರ್ಧ ಕ್ಷಣ ಅಷ್ಟೇ. ಎತ್ತಿದ ಕಾಲು ಎತ್ತಿದಂತೆಯೇ ಇತ್ತು. ಆಮೇಲೆ ತಲೆ ಕೊಡವಿ ಓಡಿದಳು. ಎದುರಾಳಿಯ ಕೈಯಿಂದ ಚೆಂಡು ಒಮ್ಮೆ ಜಾರಿತು ಕೂಡ. ಆದರೂ ಸಾಲಲಿಲ್ಲ, ಸಿರಿಯ ಕಾಲಿಗಿಂತ ಒಂದು ಗೇಣು ಮೊದಲು ಚೆಂಡು ತಲುಪಿತು. ಅಷ್ಟರಲ್ಲಿ ಟ್ರೇಸಿ ಮಣ್ಣಿನಲ್ಲಿ ಜಾರಿ ಹೋಮ್ ಪ್ಲೇಟ್ ಮುಟ್ಟಿ, ಮೊಣಕಾಲ ಮೇಲೆ ಎದ್ದು, ಎತ್ತಲಾಗದ ಆ ಕೈಯನ್ನೂ ಎತ್ತಿದ್ದಳು. ಹಿಂದಿರುಗಿ ನೋಡಿದಾಗ ಮೊದಲ ಬೇಸಿನ ಬಳಿ ಅಂಪೈರ್ ಔಟ್ ಕೊಟ್ಟಾಗಿತ್ತು. ಮೂರನೇ ಔಟ್. ಬಾರಿಸಿದವಳು ಮೊದಲ ಬೇಸ್ ಮುಟ್ಟುವ ಮುನ್ನವೇ ಮೂರನೇ ಔಟಾದರೆ, ಟ್ರೇಸಿ ಮೊದಲೇ ಮನೆ ಮುಟ್ಟಿದ್ದರೂ ಅವಳ ರನ್ ಲೆಕ್ಕಕ್ಕಿಲ್ಲ.

ಎಲ್ಲರೂ ಸಿರಿಯ ಬೆನ್ನು ತಟ್ಟಿದರು. ಮೊದಲ ಫೈನಲ್ ಅಲ್ಲವೇ, ಹೆದರಿ ಕಾಲು ಕಟ್ಟಿತು, ಪಾಪ ಎಂದರು. ಆ ಮೈದಾನದಲ್ಲಿ ನನ್ನ ಕೂಗಿನ ಅರ್ಥ ತಿಳಿದವಳು ಅವಳೊಬ್ಬಳೇ. ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಬಹುದಿತ್ತು, ಹತ್ತು ಹೆಜ್ಜೆ ದೂರದಲ್ಲಿದ್ದೆ. ಬೇಲಿಯ ತಂತಿ ಹಿಡಿದು ನಿಂತೇ ಇದ್ದೆ.

ಮರುದಿನ ಬೆಳಿಗ್ಗೆ ಸಿಡ್ನಿಗೆ ಹೊರಟೆವು. ಒಂಬತ್ತು ಗಂಟೆಯ ದಾರಿ. ನಡುದಾರಿಯ ಗುಂಡಗೈ ಎಂಬ ಊರಿನಲ್ಲಿ ಪೆಟ್ರೋಲ್ ಹಾಕಿಸುವಾಗ ಧೈರ್ಯ ಮಾಡಿ, "ನಾನ್ ಕೂಗಿದ್ದು ನಿಂಗೆ ಕೇಳಿಸ್ತಾ ಕಂದ?" ಎಂದೆ. "ಇಟ್ಸ್ ಫೈನ್, ಅಪ್ಪಾ," ಎಂದು ಹೆಡ್‌ಫೋನ್ ಹಾಕಿಕೊಂಡಳು. ಮನೆಗೆ ಬಂದು ಚೀಲವನ್ನು ಈ ಮೂಲೆಗೆ ಎಸೆದವಳು ಚಳಿಗಾಲವೆಲ್ಲ ಇತ್ತ ತಿರುಗಲಿಲ್ಲ.

ಗೀತಾ ಉಡುಪಿಯವಳು, ಸುತ್ತು ಬಳಸುವುದು ಅವಳಿಗೆ ಗೊತ್ತಿಲ್ಲ. ಒಂದು ದಿನ ನನ್ನ ಬಾಯಿಂದ ಎಲ್ಲವನ್ನೂ ಹೊರಡಿಸಿದಳು. "ಅಲ್ಲ ಮಾರಾಯ್ರೇ, ತಪ್ಪು ನಿಮ್ಮದು, ಈಗ ಇರುದು ಅವಳ ಹೆಸರಲ್ಲಿ. ಅವಳು ಎಷ್ಟು ದಿನ ಅಂತ ಹೊತ್ಕೊಳ್ಳುದು ಅದನ್ನ?" ಎಂದಳು.

ಆಗಸ್ಟಿನಲ್ಲಿ ತಂಡದ ಮೀಟಿಂಗ್ ಆಯಿತು. ಸಿರಿ ಬರುವುದಿಲ್ಲ ಎಂದಳು. ಅವಳಮ್ಮ ಗದರಿಸಿ ಹೊರಡಿಸಿದಳು. ಆಟವಿಲ್ಲದ ತಿಂಗಳುಗಳಲ್ಲಿ ಅಭಿಮಾನಿಗಳಿಗೆ ಒಂದೇ ಕೆಲಸ, ತಂಡಕ್ಕೆ ಏನೇನು ಬೇಕು ಎಂದು ಪಟ್ಟಿ ಮಾಡುವುದು. ನಾನೂ ಬಸ್ಸು ರೈಲಿನಲ್ಲಿ ಕೂತು ಮಾಡಿದ್ದೆ. ಕ್ಲಬ್ಬಿನ ಶೆಡ್ಡಿನಲ್ಲಿ ಟ್ರೇಸಿಯ ಪಟ್ಟಿ ಬೋರ್ಡಿನ ಮೇಲಿತ್ತು. ಮೊದಲನೆಯದು ಪಿಚರ್. ಅದನ್ನು ಬರೆದು ಆಕೆ ಒಂದು ಕ್ಷಣ ಬೋರ್ಡನ್ನೇ ನೋಡುತ್ತ ನಿಂತಳು. ಆಮೇಲೆ ಹೊಸ ಹೆಲ್ಮೆಟ್ಟುಗಳು. ಆಮೇಲೆ, ಪಂದ್ಯ ಬಿಗಿಯಾದಾಗ ಸಿರಿಯ ಬದಲಿಗೆ ಆಡಲು ಒಬ್ಬರು. ಅವಳಿಗೆ ಇನ್ನೂ ಚಿಕ್ಕ ವಯಸ್ಸು, ಭಾರ ಹೊರಿಸುವುದು ಬೇಡ ಎಂದು ಮೃದುವಾಗಿಯೇ ಹೇಳಿದಳು. ಸಿರಿ ತನ್ನ ಶೂಗಳನ್ನೇ ನೋಡುತ್ತಿದ್ದಳು.

ನಾನು ಎದ್ದು ನಿಂತೆ. ಅವಳು ಹೆದರಲಿಲ್ಲ, ನಾನು ನಿಲ್ಲು ಎಂದು ಕೂಗಿದೆ, ನಮ್ಮ ಭಾಷೆಯಲ್ಲಿ ಕೂಗಿದೆ, ಅದಕ್ಕೇ ನಿಂತಳು ಎಂದೆ. ಆಟದ ನಿಯಮ ನನಗೆ ಗೊತ್ತಿರಲಿಲ್ಲ, ಆಮೇಲೆ ಹೇಳುವ ಧೈರ್ಯವೂ ಆಗಲಿಲ್ಲ ಎಂದೆ.

ಟ್ರೇಸಿ ಪರವಾಗಿಲ್ಲ ಎನ್ನಲಿಲ್ಲ. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ: "ನಾನು ಮನೆ ಮುಟ್ಟಿದ್ದೆ. ಒಂದೆರಡು ಸೆಕೆಂಡ್ ನಾವು ಉಳಿದುಕೊಂಡೆವು ಅಂದುಕೊಂಡಿದ್ದೆ." ಅಷ್ಟು ಹೇಳಿ ಭುಜ ಉಜ್ಜಿಕೊಂಡಳು. ಆಮೇಲೆ ಸಿರಿಯ ಕಡೆ ತಿರುಗಿ, ನೀನೇಕೆ ಹೇಳಲಿಲ್ಲ ಎಂದು ಕೇಳಿದಳು.

ಸಿರಿ ತಲೆ ಎತ್ತಲಿಲ್ಲ. ಹೇಳಿದ್ದರೆ ಅಪ್ಪನನ್ನು ಮತ್ತೆ ಗ್ರೌಂಡಿಗೆ ಬಿಡುತ್ತಿರಲಿಲ್ಲವಲ್ಲ ಎಂದಳು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದೆ. ಅಷ್ಟರಲ್ಲಿ ಬೋರ್ಡಿನ ಮೇಲೆ ಸಿರಿಯ ಹೆಸರಿನ ಸಾಲು ಅಳಿಸಿತ್ತು. ಅದರ ಜಾಗದಲ್ಲಿ, ಮೂರನೇ ಬೇಸ್ ಕೋಚ್ ಎಂದು ಬರೆದು ಮುಂದೆ ನನ್ನ ಹೆಸರಿತ್ತು, ಒಂದಕ್ಷರ ತಪ್ಪಾಗಿ. ಮೂರನೇ ಬೇಸಿನ ಪಕ್ಕ ಸುಣ್ಣದಲ್ಲಿ ಗೆರೆ ಎಳೆದ ಒಂದು ಚೌಕವಿರುತ್ತದೆ. ಅಲ್ಲೊಬ್ಬರು ನಿಲ್ಲಬೇಕು. ಓಡಿ ಬರುವವಳಿಗೆ ಬೆನ್ನ ಹಿಂದಿನ ಚೆಂಡು ಕಾಣುವುದಿಲ್ಲ, ಆ ಚೌಕದಲ್ಲಿ ನಿಂತವರು ಓಡು ಎಂದರೆ ಓಡುತ್ತಾಳೆ, ನಿಲ್ಲು ಎಂದರೆ ನಿಲ್ಲುತ್ತಾಳೆ. ನಾನು ಬೇಡ ಎನ್ನಲು ಬಾಯಿ ತೆರೆದೆ. ಟ್ರೇಸಿ ಕೈ ಅಡ್ಡ ಹಿಡಿದಳು. ಪುಸ್ತಕ ಓದು, ಕೂಗುವುದನ್ನು ನಿನ್ನ ಭಾಷೆಯಲ್ಲೇ ಕೂಗು, ಎದುರಾಳಿಗೆ ತಿಳಿಯಬಾರದು, ನಮ್ಮವರಿಗೆ ಎರಡು ಮಾತು ನಿನ್ನ ಮಗಳು ಕಲಿಸುತ್ತಾಳೆ ಎಂದಳು.

ಕಲಿಸಿದಳು. ಭಾನುವಾರಗಳಂದು ಹನ್ನೊಂದು ಮಂದಿ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಕನ್ನಡದ ಮೇಡಂ ಥರ, "ಓಡು" ಮತ್ತು "ನಿಂತ್ಕೋ" ಹೇಳಿಸಿದಳು. ಯಾರ ಬಾಯಲ್ಲೂ ಅದು ಸರಿಯಾಗಿ ಹೊರಳಲಿಲ್ಲ. ನಾನು ಪುಸ್ತಕವನ್ನು ಮೂರು ಸಲ ಓದಿದೆ. ಪಿಚರ್ ಮಾತ್ರ ಇನ್ನೂ ಸಿಕ್ಕಿಲ್ಲ. ಈ ಸೀಸನ್ ನಾವು ಹೆಚ್ಚು ಸೋಲುತ್ತೇವೆ ಎಂದೇ ನನ್ನ ಅಂದಾಜು. ಟ್ರೇಸಿಯ ಕಪ್ಪು ಅವಳಿಗೆ ಸಿಗುವುದಿಲ್ಲ. ಅದನ್ನು ನಾನು ಯಾವ ಚೌಕದಲ್ಲಿ ನಿಂತರೂ ತಂದುಕೊಡಲಾರೆ.

ಇವತ್ತು ಬೆಳಿಗ್ಗೆ ಕೊನೆಯ ಪ್ರಾಕ್ಟೀಸ್ ಇತ್ತು. ಎರಡನೇ ಬೇಸಿನಿಂದ ಓಡಲು ಒಬ್ಬರು ಕಡಿಮೆ ಬಿದ್ದರು. ಟ್ರೇಸಿ ಜಾಕೆಟ್ ತೆಗೆದಿಟ್ಟು, ಭುಜ ಹೋಗಿದೆ, ಕಾಲು ಹೋಗಿಲ್ಲ ಎನ್ನುತ್ತ ತಾನೇ ಹೋಗಿ ನಿಂತಳು. ಸಿರಿ ಬಾರಿಸಿದಳು. ಚೆಂಡು ಟ್ರೇಸಿಯ ಬೆನ್ನ ಹಿಂದೆ ಹುಲ್ಲಿನೊಳಕ್ಕೆ ಉರುಳಿತು. ಟ್ರೇಸಿ ನನ್ನ ಮುಖ ನೋಡುತ್ತ ಬರುತ್ತಿದ್ದಳು. ನನ್ನ ಗಂಟಲಿಗೆ ಹಳೆಯ ಮಾತೇ ಬಂದಿತ್ತು, ಸುಳ್ಳು ಹೇಳುವುದಿಲ್ಲ. ನುಂಗಿದೆ.

"ಓಡು!"

ಅವಳು ನನ್ನನ್ನು ದಾಟಿ ಓಡಿ, ಮಣ್ಣಿನಲ್ಲಿ ಜಾರಿ, ಪ್ಲೇಟ್ ಮುಟ್ಟಿದಳು. ಅಂಪೈರ್ ಇಲ್ಲ, ಸ್ಕೋರ್ ಇಲ್ಲ, ನೋಡುವವರೂ ಇಲ್ಲ. ಆದರೂ ಎದ್ದವಳು ಮಣ್ಣು ಕೊಡವುವ ಮೊದಲು ಹಿಂದಿರುಗಿ ಮೊದಲ ಬೇಸಿನ ಕಡೆ ನೋಡಿದಳು. ಸಿರಿ ಅದರ ಮೇಲೆ ನಿಂತಿದ್ದಳು, ಎರಡೂ ಕಾಲೂರಿ. ಸ್ವಲ್ಪ ಹೆಚ್ಚೇ ಹೊತ್ತು ನೋಡುತ್ತ ನಿಂತಿದ್ದು, ಜಾಕೆಟ್ ಎತ್ತಿಕೊಂಡಳು.

ನಾಳೆ ಮೊದಲ ಪಂದ್ಯ. ಗರಾಜಿನ ಬಾಗಿಲು ತೆರೆದು ಸಿರಿ ಒಳಗೆ ಬಂದಿದ್ದಾಳೆ. ಗ್ಲೌಸಿನ ಹೊಲಿಗೆಯ ಹತ್ತಿರ ನಾನು ಹಿಡಿದಿರುವ ಟೂತ್‌ಬ್ರಷ್ ನೋಡಿ, ಕೆಂಪು ಮಣ್ಣು ನೋಡಿ, "ಬೇಡಪ್ಪಾ, ಇರ್ಲಿ ಬಿಡು," ಎನ್ನುತ್ತಾಳೆ. ಕನ್ನಡದಲ್ಲಿ.

ನಾನು ಬ್ರಷ್ ಕೆಳಗಿಟ್ಟೆ.