ಮೈಕ್ ಮುಚ್ಚಿ ಆಡುವವಳು

ಸಂಜೆಯಾದರೆ ನಮ್ಮ ಮನೆಯ ನೂಲಿನ ಬುಟ್ಟಿಗೆ ಒಂದು ಮೊಬೈಲ್ ಆತುಕೊಂಡಿರುತ್ತದೆ, ಅದರ ಮುಂದೆ ನನ್ನ ಅಕ್ಕನ ಮಗಳು ಭಾಗ್ಯ. ಮಕ್ತಲದ ಹುಡುಗಿ, ಇಂಟರ್ ಕಾಲೇಜು ಓದಲೆಂದು ನಾರಾಯಣಪೇಟೆಗೆ ಬಂದು ನಮ್ಮಲ್ಲಿದ್ದಾಳೆ. ಮಗ್ಗದ ಲಾಳಿಯೊಳಗೆ ಕೂರಿಸುವ ನೂಲಿನ ಕಂಡಿಕೆಗಳನ್ನು ಸುತ್ತಿಕೊಟ್ಟ ಮೇಲೆ ಒಂದು ತಾಸು ಬಂದೂಕಿನ ಆಟ ಆಡುತ್ತಾಳೆ. ಆಟದೊಳಗೆ ಅವಳ ಹೆಸರು ಬೀರ. ದಪ್ಪ ಮೀಸೆ, ಕುತ್ತಿಗೆಯಿಂದ ಪಾದದವರೆಗೆ ಕವಚ.

"ಹೆಣ್ಣಾಳು ಇಲ್ಲೇನ ಇದ್ರಾಗ?" ಎಂದು ಒಮ್ಮೆ ಕೇಳಿದೆ.

"ಅದಾರ ಚಿಗವ್ವ. ನೀನಽ ನೋಡು."

ನೋಡಿದೆ. ಅದೇ ಯುದ್ಧ, ಅದೇ ಗುಂಡು. ಆಟದ ಹೆಣ್ಣಾಳಿಗೆ ಮಾತ್ರ ಹೊಟ್ಟೆ ಬಯಲು, ತೊಡೆ ಬಯಲು. ಬೇರೆ ಉಡುಪು ಕೊಳ್ಳಬಹುದಂತೆ; ಬೆಲೆ ಏರಿದಂತೆ ಬಟ್ಟೆ ಇಳಿಯುತ್ತಿತ್ತು. ಬಸ್ ನಿಲ್ದಾಣದ ಬಳಿಯ ಮೊಬೈಲ್ ಅಂಗಡಿಯವರು ಆಟದ ಪಂದ್ಯ ಇಟ್ಟು ಹಾಕಿದ್ದ ಬ್ಯಾನರಿನಲ್ಲೂ ಅವಳೇ ಇದ್ದಳು, ಶತ್ರುವಿಗೆ ಬೆನ್ನು ಹಾಕಿ, ನಡು ತಿರುಚಿ, ದಾರಿಹೋಕರ ಕಡೆ ನಗುತ್ತ. ಇಡೀ ಪಟದಲ್ಲಿ ಯುದ್ಧದ ಕಡೆ ಲಕ್ಷ್ಯವಿಲ್ಲದವಳು ಅವಳೊಬ್ಬಳೇ.

ನಾನು ಸೀರೆ ನೇಯುವ ಮನೆಯವಳು, ಗೆಳೆಯರೇ; ಯಾರು ಎಷ್ಟು ಉಡಬೇಕೆಂದು ಹೇಳುವುದು ನನ್ನ ಕೆಲಸವಲ್ಲ. ಉಡುವವರ ಇಷ್ಟ. ಆದರೆ ಆ ಪಟದ ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಅವಳಿಗೆ ಕೇಳಿಸಿಕೊಳ್ಳುವ ಕಿವಿಯನ್ನೂ ಬರೆದವರೇ ಬರೆದಿದ್ದರು.

ಭಾಗ್ಯಳ ತಂಡದಲ್ಲಿ ಅವಳಲ್ಲದೆ ಮೂವರು ಹುಡುಗರು. ನಾಯಕ ಗದ್ವಾಲದವನು, ಇನ್ನಿಬ್ಬರು ಜೂರಾಲದ ಕಡೆಯವರು. ಯಾರೂ ಮುಖ ನೋಡಿದವರಲ್ಲ. ಅವಳು ಮೈಕ್ ತೆರೆಯುತ್ತಿರಲಿಲ್ಲ. ಕೆಟ್ಟಿದೆ ಎಂದು ಬರೆದು ತಿಳಿಸಿದ್ದಳು. "ಬೀರಣ್ಣ, ಮುಂದ ನಡೀ, ನಿನ್ನ ಹಿಂದ ಅದೀವಿ" ಎಂದು ಅವರು ಕೂಗುವಾಗ ಇವಳ ಮುಖ ನೋಡಬೇಕಿತ್ತು. ಮೊಬೈಲ್ ಅಂಗಡಿಯ ಆ ಪಂದ್ಯಕ್ಕೆ ನಾಲ್ವರೂ ಹೆಸರು ಕೊಟ್ಟಿದ್ದರು; ಆಡುವುದು ಅವರವರ ಮನೆಯಿಂದಲೇ.

ಹಾಳು ಮಾಡಿದವಳು ನಾನು. ಎರಡು ಮಗ್ಗ ಬಡಿಯುವ ಮನೆಯಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೂ ಕೇಳುವುದಿಲ್ಲ. ಕೂಗುವುದೇ ನಮಗೆ ಮಾತು. ಅಂದು ಅವಳ ಬೆರಳು ತಾಗಿ ಮೈಕ್ ತೆರೆದಿತ್ತು. ನಾನು ಒಳಗಿನಿಂದ, "ಏ ಭಾಗ್ಯಾ, ಕಂಡಿಕಿ ಸಾಲಂಗಿಲ್ಲ, ಇನ್ನೊಂದೀಟು ಸುತ್ತು ಬಾರಽ ಹುಡುಗಿ!" ಎಂದೆ.

ಮೊಬೈಲಿನೊಳಗಿಂದ ನಗು.

"ಅರೇ, ಬೀರಣ್ಣ ಹುಡುಗಿ ಐತಲೇ!"

"ಫೋಟೋ ಕಳ್ಸು ಮೊದ್ಲ."

ಗದ್ವಾಲದವನು ಬೈಯಲಿಲ್ಲ. ದೊಡ್ಡ ಮನಸ್ಸು ಮಾಡಿದವನಂತೆ ಹೇಳಿದ: "ಇರ್ಲಿ ಬಿಡ್ರಲೇ, ಚಲೋನಽ ಆತು. ಭಾಗ್ಯಾ, ಪಂದ್ಯದ ದಿನ ಬ್ಯಾನರ್ ಮುಂದ ನೀನಽ ನಿಲ್ಲು, ಫೋಟೋ ಚಂದ ಬರ್ತಾವ. ಆಟದಾಗ ಮಾತ್ರ ಹಿಂದ ಇರು, ಗಾಯ ಆದೋರಿಗೆ ಔಷಧಿ ಕೊಡು."

ನಾನು ಅಷ್ಟೊತ್ತಿಗೆ ಬಾಗಿಲಿಗೆ ಬಂದು ನಿಂತಿದ್ದೆ. ನಿನ್ನೆಯವರೆಗೆ ಯಾರ ಹಿಂದೆ ನಡೆಯುತ್ತಿದ್ದರೋ ಅವಳನ್ನೇ ಹಿಂದೆ ಹಾಕಲು ಅವರಿಗೆ ಬೇಕಾದದ್ದು ಒಂದು ಹೆಸರು, ಅಷ್ಟೆ. ಅವಳ ಗುರಿ ಬದಲಾಗಿರಲಿಲ್ಲ, ಬೆರಳು ಬದಲಾಗಿರಲಿಲ್ಲ. ಆಟ ಮಾಡಿದವರು ಯಾವ ಊರಿನವರೋ, ಈ ಹುಡುಗರು ಯಾವ ಊರಿನವರೋ. ಹುಡುಗಿ ಎಲ್ಲಿ ನಿಲ್ಲಬೇಕೆಂಬುದರಲ್ಲಿ ಇಬ್ಬರ ಲೆಕ್ಕವೂ ಒಂದೇ ಇತ್ತು.

ಭಾಗ್ಯ ಅಳಲಿಲ್ಲ. ತಂಡ ಬಿಟ್ಟಳು, ಪಂದ್ಯವನ್ನೂ. "ತಪ್ಪಾತವ್ವ ನಂದು" ಎಂದೆ. "ನಿಂದೇನೈತಿ ಚಿಗವ್ವ, ನೀ ನನ್ನ ಹೆಸರಽ ಕರ್ದಿ" ಎಂದಳು.

ಈಗ ಹೊಸ ಹೆಸರು, ಹೊಸ ತಂಡ. ಮೊದಲ ದಿನವೇ ಬಂದು ಒಂದು ಮಾತು ಕೇಳಿದಳು: "ನಾ ಆಡೂ ಹೊತ್ತಿನ್ಯಾಗ ಕರೀಬೇಕಾದ್ರ ಮೈಲಾರಿ ಅನ್ನು. ಮೈಕ್ ಮುಚ್ಚೇ ಇರ್ತದ, ಆದ್ರೂ..."

ನಿನ್ನೆ ಚಹಾ ಆಗಿತ್ತು. ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡು, "ಏ ಮೈಲಾರೀ, ಚಾ ಆಗೇತಿ ಬಾರೋ" ಎಂದು ಕೂಗಿದೆ. ನನ್ನ ಗಂಡ ಮಗ್ಗ ನಿಲ್ಲಿಸಿ ನನ್ನನ್ನೇ ನೋಡಿದರು. ಭಾಗ್ಯ ಓಗೊಡಲಿಲ್ಲ, ಓಗೊಡುವಂತಿರಲಿಲ್ಲ. ಪರದೆಯಿಂದ ಕಣ್ಣು ತೆಗೆಯದೆ, ಕೇಳಿಸಿತು ಎಂಬಂತೆ ಒಂದು ಬೆರಳು ಎತ್ತಿದಳು.