ದುಬೈಗೆ ಹೋದ ಹೆಪ್ಪು

ವಿಮಾನ ಬೀಳಬಹುದಿತ್ತು, ಬೊಂಬಾಯಿಯಲ್ಲೇ ಪಾಸ್‌ಪೋರ್ಟ್ ಕಳೆಯಬಹುದಿತ್ತು, ಬಿಸಿಲಿಗೆ ತಲೆ ಸುತ್ತಬಹುದಿತ್ತು, ಒಂಟೆ ಒದೆಯಬಹುದಿತ್ತು. ನಮ್ಮ ಎದುರುಮನೆಯ ಮೇಷ್ಟ್ರು ಅಳಿಯ ಕರೆದನೆಂದು ದುಬೈ ನೋಡಲು ಹೋದಾಗ, ಅವರ ಪಾಲಿನ ಚಿಂತೆಯನ್ನೆಲ್ಲ ರಾಜಾಜಿನಗರದಲ್ಲಿ ಕೂತು ನಾನೇ ಮಾಡಿದೆ. ಕಾರಣವಿತ್ತು. ನನ್ನ ಭಾವಮೈದುನನೂ ನಮ್ಮನ್ನು ಅಲ್ಲಿಗೆ ಕರೆದಿದ್ದ. ಹೋಗಲೇಬೇಕೆಂದು ಹೆಂಡತಿ ಹಟ ಹಿಡಿದಿದ್ದಳು. ಮೇಷ್ಟ್ರು ಬಂದು ಹೇಳಿದಂತೆ ಆಗಲಿ ಎಂದಿದ್ದೆ.

ಯಾವ ಊರಿನ ಮಾತು ಬಂದರೂ ಅವರು ಕೇಳುತ್ತಿದ್ದುದು ಒಂದೇ: "ಊರೇನೋ ಸರಿ, ಮೊಸರು ಹೆಂಗೆ?" ಊಟಕ್ಕೆ ಕೂತಾಗ ಬಟ್ಟಲು ಓರೆ ಮಾಡಿ, ಮೊಸರು ಅಲುಗದಿದ್ದರೆ ಮಾತ್ರ ತಲೆದೂಗುತ್ತಿದ್ದರು. ದುಬೈಗೂ ಮನೆಯ ಹೆಪ್ಪನ್ನು ಡಬ್ಬಿಯಲ್ಲಿ ಒಯ್ದಿದ್ದರು.

ವಾಪಸು ಬಂದವರು ನಮ್ಮ ಮನೆಯಲ್ಲಿ ಕೂತು ಚಿನ್ನದಂಗಡಿ, ಅಗಲವಾದ ರಸ್ತೆ ಎಲ್ಲವನ್ನೂ ಹೊಗಳಿದರು. ಹೆಂಡತಿ ಗೆದ್ದವಳಂತೆ ನನ್ನತ್ತ ನೋಡಿದಳು.

"ಏನೂ ತೊಂದ್ರೆ ಆಗ್ಲಿಲ್ವಾ ಮೇಷ್ಟ್ರೇ?" ಎಂದೆ, ಆಸೆಯಿಂದ.

ಮೇಷ್ಟ್ರು ಖಾಲಿ ಅಂಗೈಯನ್ನೇ ಬಟ್ಟಲಿನಂತೆ ಓರೆ ಮಾಡಿದರು. "ಹೆಸರಿಗೆ ಮರಳುಗಾಡು ಕಣ್ರೀ. ಮನೆಯೊಳಗೆ ಏರ್‌ಕಂಡಿಶನ್ ಚಳಿ. ಒಂದಿನಾನೂ ಮೊಸರು ಹೆಪ್ಪಾಗ್ಲಿಲ್ಲ."

"ನೋಡಿದ್ಯಾ!" ಎಂದೆ ಹೆಂಡತಿಗೆ.

"ಬಾಗಿಲಾಚೆ ಇಡ್ಬೇಕಿತ್ತು ಮೇಷ್ಟ್ರೇ, ಅಷ್ಟು ದೊಡ್ಡ ಮರಳುಗಾಡು ಖಾಲಿ ಬಿದ್ದಿತ್ತಲ್ಲಾ!" ಎನ್ನುತ್ತ ಅವಳು ಅಟ್ಟದಿಂದ ಪೆಟ್ಟಿಗೆ ಇಳಿಸಲು ಎದ್ದಳು.