ಕಾಜಾ ಅಕ್ಕನ ಸರದಿ

ಬಟ್ಟೆ ಹೊಲಿಯುವವರ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಕಾಜಾ ಅಕ್ಕ ಎಂದೇ. ಅಂಗಿಯ ಗುಂಡಿ ತೂರಿಸುವ ಕಾಜಾವನ್ನು ಕೈಯಲ್ಲೇ ಹೊಲಿಯುವವರು ಅಲ್ಲೀಗ ಅವಳೊಬ್ಬಳೇ. ಮೆಷಿನ್ನಿನ ಕಾಜಾ ನಾಲ್ಕು ಒಗೆತಕ್ಕೆ ಎಳೆ ಬಿಡುತ್ತದೆ. ಅವಳದ್ದು ಅಂಗಿ ಹರಿದು ನೆಲ ಒರೆಸುವ ಬಟ್ಟೆಯಾದ ಮೇಲೂ ಗಟ್ಟಿಯಾಗಿರುತ್ತದೆ. ಈಗ ಆ ಕೈ ಅಷ್ಟು ಸ್ಥಿರ. ಎರಡು ವರ್ಷದ ಕೆಳಗೆ ಹಾಗಿರಲಿಲ್ಲ.

ಆಗ ಒಂದು ದಿನ ಅವಳು ಒಂದೇ ಅಂಗಿಯ ಎರಡೂ ಬದಿಗೆ ಕಾಜಾ ಹಾಕಿಬಿಟ್ಟಳು. ಗುಂಡಿಗೆ ಜಾಗವೇ ಉಳಿಯಲಿಲ್ಲ.

ಟೈಲರ್ ಮಾಸ್ತರು ಅಂಗಿಯನ್ನು ಬೆಳಕಿಗೆ ಹಿಡಿದರು. "ಏನಕ್ಕ ಇದು, ಹಾಕ್ಕೊಳ್ಳೋನು ಎದೆ ಬಿಟ್ಕೊಂಡೇ ತಿರುಗಬೇಕಾ?"

ಅವಳು ನಗಲಿಲ್ಲ. ಬೆರಳು ನಡುಗುತ್ತಿದ್ದವು. ಜಗಿದ ಲವಂಗ ಬಾಯಿಯ ವಾಸನೆಯನ್ನು ಅರ್ಧ ಮಾತ್ರ ಮುಚ್ಚಿತ್ತು. ಮಾಸ್ತರು ದನಿ ತಗ್ಗಿಸಿದರು. "ನನ್ನ ತಮ್ಮನೂ ಕುಡೀತಿದ್ದ. ಪ್ರಾರ್ಥನಾ ಮಂದಿರದ ಹಿಂದಿನ ರೂಮಲ್ಲಿ ಗುರುವಾರ ಸಂಜೆ ಕುಡಿತ ಬಿಡೋರ ಒಂದು ಗುಂಪು ಸೇರತ್ತೆ. ನರ್ಸಮ್ಮ ಅಂತ ಇದಾರೆ, ಅವರೇ ನಡೆಸೋದು. ಹೋಗಿ ನೋಡು."

ಗಂಡಸು ಕುಡಿದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಹೆಂಗಸು ಕುಡಿದರೆ ಮನೆಯವರಿಗೂ ಗೊತ್ತಾಗುವುದಿಲ್ಲ, ಹೊತ್ತಿಗೆ ಸರಿಯಾಗಿ ಅಡುಗೆ ಆಗಿದ್ದರೆ ಸಾಕು. ಕಾಜಾ ಅಕ್ಕನ ಮನೆಯಲ್ಲಿ ಅಡುಗೆ ಒಂದು ದಿನವೂ ತಡವಾದದ್ದಿಲ್ಲ. ಅತ್ತೆ ಮೂರು ವರ್ಷ ಹಾಸಿಗೆ ಹಿಡಿದಾಗ ಹೇಲು ಉಚ್ಚೆ ಬಾಚಿದವಳು ಅವಳೇ. ಸೊಂಟನೋವಿಗೆ ಒಳ್ಳೆಯದೆಂದು ಯಾರೋ ಹೇಳಿದ ಒಂದು ಗುಟುಕು ಆಗ ಶುರುವಾದದ್ದು. ಅತ್ತೆ ಹೋದರು, ಗುಟುಕು ಹೋಗಲಿಲ್ಲ.

ಗುಂಪಿನಲ್ಲಿ ಹದಿನಾಲ್ಕು ಜನ. ಮೊದಲು ಪ್ರಾರ್ಥನೆ, ಆಮೇಲೆ ಚಹ. ಚಹ ಮುಗಿದ ಮೇಲೆ ಪ್ರಾರ್ಥನೆಯ ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ. ಅದು ಯಾರ ತೊಡೆಯ ಮೇಲೆ ಬಂತೋ ಅವರು ದೇವರೆದುರು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಮಿಕ್ಕವರು ನಡುವೆ ಬಾಯಿ ಹಾಕಬಾರದು.

ಮೊದಲ ಗುರುವಾರ ಚಹ ಮುಗಿದದ್ದೇ ಕಾಜಾ ಅಕ್ಕ ಲೋಟಗಳನ್ನೆಲ್ಲ ಒಟ್ಟುಮಾಡಿಕೊಂಡು ಮೂಲೆಯ ನಲ್ಲಿಯ ಕಡೆ ನಡೆದಳು. ಯಾರೂ ತಡೆಯಲಿಲ್ಲ. ಎರಡನೆಯ ವಾರವೂ ಹಾಗೇ. ಮೂರನೆಯ ವಾರಕ್ಕೆ ಅದು ಅವಳ ಕೆಲಸವೇ ಆಗಿಹೋಯಿತು. ನೀರಿನ ಸದ್ದಿನಲ್ಲಿ ಬೇರೆಯವರ ಪಶ್ಚಾತ್ತಾಪಗಳು ಅರ್ಧಂಬರ್ಧ ಕೇಳಿಸುತ್ತಿದ್ದವು. ಪುಸ್ತಕ ಒಂದು ಸುತ್ತು ಮುಗಿಸುವಷ್ಟರಲ್ಲಿ ಅವಳು ಹದಿನಾಲ್ಕು ಲೋಟ ತೊಳೆದು, ಒರೆಸಿ, ಕೆಟಲ್ಲಿನ ತಳವನ್ನೂ ಉಜ್ಜಿರುತ್ತಿದ್ದಳು. ಸೇವೆ ಮಾಡಿದರೆ ದೇವರು ಕೈಬಿಡುವುದಿಲ್ಲ ಎಂದು ನಂಬಿದ್ದಳು. ಪ್ರತಿ ಗುರುವಾರವೂ ಮನೆಗೆ ಹೋದದ್ದೇ ಕುಡಿಯುತ್ತಲೂ ಇದ್ದಳು.

ಏಳನೆಯ ವಾರ ನರ್ಸಮ್ಮ ಎದ್ದು ಬಂದು ನಲ್ಲಿ ನಿಲ್ಲಿಸಿದರು.

"ನಿನ್ನ ಕಷ್ಟ ಈ ನಲ್ಲಿಗೆ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ. ಹೋಗಿ ಕೂತ್ಕೋ."

"ಲೋಟ ಹಾಗೇ ಇದೆಯಲ್ಲ, ನರ್ಸಮ್ಮ."

"ಇರ್ಲಿ. ಎಂಜಲು ಲೋಟ ನೋಡಿ ದೇವರೇನು ಮೂಗು ಮುರಿಯಲ್ಲ."

ಲಾರಿ ಡ್ರೈವರೊಬ್ಬ ತೋಳು ಮಡಚುತ್ತ ಎದ್ದ. "ನಾನು ತೊಳೀತೀನಿ ಬಿಡಿ."

"ಸೋಪು ಕಮ್ಮಿ ಹಾಕಪ್ಪ," ಎಂದರು ನರ್ಸಮ್ಮ. "ಮುಂದಿನ ವಾರ ಚಹ ನೊರೆ ನೊರೆ ಆಗಬಾರದು."

ಪುಸ್ತಕ ಕಾಜಾ ಅಕ್ಕನ ತೊಡೆಗೆ ಬಂತು. ಒದ್ದೆ ಕೈಯನ್ನು ಎರಡೆರಡು ಸಲ ಒರೆಸಿಕೊಂಡಳು.

"ನನ್ನ ಬಾಟ್ಲಿ ಸೋಪಿನ ಪುಡಿ ಡಬ್ಬದಲ್ಲಿದೆ," ಎಂದಳು ಕೊನೆಗೆ. "ನಾಲ್ಕು ವರ್ಷದಿಂದ. ಬೀಗ ಗೀಗ ಏನಿಲ್ಲ. ಆ ಡಬ್ಬಕ್ಕೆ ನನ್ನ ಬಿಟ್ಟು ಯಾರೂ ಕೈ ಹಾಕಲ್ಲ."

ಎದುರಿಗಿದ್ದ ಇಬ್ಬರು ಹೆಂಗಸರು ತಮ್ಮ ತಮ್ಮ ಅಂಗೈ ನೋಡಿಕೊಂಡರು.

"ಈಗಲೂ ಅರ್ಧ ಬಾಟ್ಲಿ ಇದೆ. ಮನೆಗೆ ಹೋದ್ರೆ ಇವತ್ತೂ ಕುಡೀತೀನಿ. ಪುಸ್ತಕ ಮುಟ್ಕೊಂಡು ಸುಳ್ಳು ಹೇಳಲ್ಲ."

"ಒಂದು ಮಾತು ಕೇಳ್ಲಾ?" ಎಂದರು ನರ್ಸಮ್ಮ. "ಮನೇಲಿ ಯಾರಿದಾರೆ?"

"ನಮ್ಮೆಜಮಾನ್ರು."

"ಫೋನ್ ಮಾಡು. ಅವರೇ ಸುರೀಲಿ. ಒಬ್ಬಳೇ ಸುರಿಯೋದು ಬೇಡ."

ಗಂಡ ಅಂಚೆ ಹಂಚುವವನು. ಏನನ್ನುತ್ತಾನೋ, ನಾಳೆಯಿಂದ ಆ ಮನೆಯಲ್ಲಿ ಹೇಗೆ ತಲೆ ಎತ್ತುವುದೋ ಎಂದು ಅವಳಿಗೆ ಹೆದರಿಕೆಯಾಯಿತು. ಆದರೂ ಗುಂಡಿ ಒತ್ತಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ರೀ, ಬಟ್ಟೆ ಸೋಪಿನ ಡಬ್ಬ ತೆಗೀರಿ."

"ಎಲ್ಲಿರತ್ತೆ ಅದು?"

ಮದುವೆಯಾಗಿ ಇಪ್ಪತ್ತೆರಡು ವರ್ಷ. ಊರಿನ ಪ್ರತಿ ಬಾಗಿಲೂ ಅವನಿಗೆ ಗೊತ್ತು.

"ಬಚ್ಚಲು ಮನೇಲಿ, ಕಿಟಕಿ ಕೆಳಗೆ."

ಏನೇನೋ ಉರುಳಿದ ಸದ್ದು. "ಇದು ಬಟ್ಟೆ ಕ್ಲಿಪ್ಪು ಕಣೇ."

"ಪಕ್ಕದ್ದು. ಒಳಗೆ ಕೈ ಹಾಕಿ."

ಗಾಜು ಡಬ್ಬದ ಅಂಚಿಗೆ ತಗುಲಿದ ಸದ್ದು. ಅವಳ ಬೆರಳು ಪುಸ್ತಕದ ಅಂಚನ್ನು ಒತ್ತಿ ಹಿಡಿದವು.

"ಇದು ನಿಂದಾ?"

"ನಂದೇ."

"ನಂಗೆ ಗೊತ್ತೇ ಆಗ್ಲಿಲ್ವಲ್ಲೇ."

"ಹೇಗೆ ಗೊತ್ತಾಗತ್ತೆ? ಸುರೀರಿ. ಪೂರ್ತಿ ಸುರಿದು ನೀರು ಹಾಕಿ."

ಗುಳುಗುಳು ಸದ್ದನ್ನು ಹದಿನಾಲ್ಕು ಜನವೂ ಕೇಳಿದರು. ನರ್ಸಮ್ಮ ಕಣ್ಣು ಮುಚ್ಚಿದ್ದರು, ತುಟಿ ಅಲುಗುತ್ತಿತ್ತು.

"ಆಯ್ತು," ಎಂದ ಗಂಡ. ದನಿ ಮೆತ್ತಗಾಗಿತ್ತು. "ಬೇಗ ಬಂದ್ಬಿಡು. ಇಲ್ಲಿ ಬಕೆಟ್ಟಲ್ಲಿ ಬಟ್ಟೆ ಬೇರೆ ನೆನೀತಿದೆ."

"ಡಬ್ಬ ಕೈಯಲ್ಲೇ ಇದೆಯಲ್ಲ, ಒಗೀರಿ. ನಾನು ಬರೋದು ತಡ ಆಗತ್ತೆ, ಇನ್ನೂ ಮಾತಾಡೋದಿದೆ."

ಫೋನ್ ಇಟ್ಟಳು. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅತ್ತೆ ಮಲಗಿದ್ದ ಕೋಣೆಯಿಂದ ಶುರುಮಾಡಿದಳು.